ನೆಲದಿಂದ ಅಳೆದ ನೆಗೆತ

ಸಮಸ್ತ ಸಾರ್ವಜನಿಕರ ಗಮನಕ್ಕೆ: ನೀರು ಸರಬರಾಜು ಕಚೇರಿಯ ಮೊದಲನೇ ಮಹಡಿಯಲ್ಲಿ, ಹಾಜರಿ ಪುಸ್ತಕದ ಕೋಣೆಗೂ ಕೈ ತೊಳೆಯುವ ಬೇಸಿನ್ನಿಗೂ ನಡುವಿನ ಗೋಡೆಯ ಮೇಲೆ, ನೆಲದಿಂದ ಸರಿಯಾಗಿ ಇನ್ನೂರ ಮೂವತ್ತೊಂದು ಸೆಂಟಿಮೀಟರ್ ಎತ್ತರದಲ್ಲಿ, ಮನುಷ್ಯನ ನಾಲ್ಕು ಬೆರಳುಗಳ ಸೀಮೆಸುಣ್ಣದ ಗುರುತು ಬಿದ್ದಿದೆ. ಅದನ್ನು ಯಾರೂ ಒರೆಸತಕ್ಕದ್ದಲ್ಲ. ಅದಕ್ಕೆ ಒರಗಿ ನಿಂತು ಕಾಫಿ ಕುಡಿಯತಕ್ಕದ್ದೂ ಅಲ್ಲ. ಹೀಗೆಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ, ಸೂಪರಿಂಟೆಂಡೆಂಟರು ಗುರುತಿನ ಕೆಳಗೇ ಕಾಗದ ಅಂಟಿಸಿದ್ದರು. ಗೋಡೆಯ ಮೇಲೆ ಬಿದ್ದದ್ದು ಬರೀ ಕೊಳೆ. ಅದರ ಕೆಳಗೆ ಮೊಹರು ಬಿತ್ತೋ, ದಾಖಲೆ.

ಆ ನಾಲ್ಕು ಬೆರಳುಗಳ ಒಡೆಯನಿಗೆ ಕಚೇರಿಯಲ್ಲೂ ಬೀದಿಯಲ್ಲೂ ಇದ್ದ ಹೆಸರು ಮೈಲಿಗಲ್ಲು. ಹೆಸರಿಗೆ ಕಲ್ಲಾದರೂ ಒಂದು ಕಡೆ ನಿಂತ ಮನುಷ್ಯನಲ್ಲ. ಹನ್ನೊಂದು ವರ್ಷದಿಂದ ಹಂಗಾಮಿ ಮೀಟರ್ ರೀಡರ್. ಮನೆ ಮನೆಗೆ ಹೋಗಿ, ನೀರಿನ ಮೀಟರಿನ ಮುಚ್ಚಳ ಎತ್ತಿ, ಒಳಗಿನ ಅಂಕಿ ಬರೆದುಕೊಂಡು ಬರುವ ಕೆಲಸ. ಉಳಿದ ರೀಡರುಗಳು ಗಾಡಿ ಹತ್ತಿ ಹೋದರೆ ಇವನು ಓಡಿಕೊಂಡು ಹೋಗುತ್ತಿದ್ದ. ದಿನಕ್ಕೆ ಹದಿನೆಂಟು ಕಿಲೋಮೀಟರ್. ಅದು ಸಾಲದೆಂದು, ಭಾನುವಾರ ಎಲ್ಲಿ ನಲವತ್ತೆರಡು ಕಿಲೋಮೀಟರಿನ ಓಟ ಇದ್ದರೂ ಅಲ್ಲಿ ಹಾಜರು. ಒಂದರಲ್ಲೂ ಗೆದ್ದಿರಲಿಲ್ಲ, ಒಂದನ್ನೂ ಅರ್ಧಕ್ಕೆ ಬಿಟ್ಟಿರಲಿಲ್ಲ. ಕೂತಾಗಲೂ ಅವನ ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು. ಊಟದ ಮೇಜು ನಡುಗಿ ನಡುಗಿ, ಇವನ ಲೋಟದ ನೀರು ನಿಧಾನಕ್ಕೆ ಹೆಂಡತಿಯ ತಟ್ಟೆಗೆ ಸರಬರಾಜಾಗುತ್ತಿತ್ತು.

ಇಂಥವನ ಕೆಲಸಕ್ಕೇ ಈಗ ಕಾಲು ಬಂದಿತ್ತು. ಇಲಾಖೆಯವರು ಹೊಸ ಮೀಟರುಗಳನ್ನು ಹಾಕಿಸುತ್ತಿದ್ದರು. ಅವು ತಮ್ಮ ಅಂಕಿಯನ್ನು ತಾವೇ ಕಚೇರಿಗೆ ಕಳಿಸುತ್ತವಂತೆ, ಮುಚ್ಚಳ ಎತ್ತುವ ಗೊಡವೆಯೇ ಇಲ್ಲವಂತೆ. ವರ್ಷ ಮುಗಿಯುವ ಹೊತ್ತಿಗೆ ಹಂಗಾಮಿ ರೀಡರುಗಳೆಲ್ಲ ಮನೆಗೆ ಎಂದು ಆದೇಶವಾಯಿತು. ಅದೇ ಆದೇಶದ ಕೊನೆಯಲ್ಲಿ, ಸಣ್ಣಕ್ಷರದಲ್ಲಿ, ಒಂದು ಕರುಣೆಯ ಸಾಲು ಇತ್ತು: ಹಂಗಾಮಿಗಳ ಪೈಕಿ ಒಬ್ಬ ಕ್ರೀಡಾಪಟುವನ್ನು ಕಾಯಂ ಮಾಡಿಕೊಳ್ಳಬಹುದು. ಓದಿದವರೆಲ್ಲ ಮೈಲಿಗಲ್ಲಿನ ಕಡೆ ತಿರುಗಿದರು. ಅವನ ಮೊಣಕಾಲು ಸಂತೋಷಕ್ಕೆ ಎಷ್ಟು ಕುಣಿಯಿತೆಂದರೆ ಬೆಂಚಿನ ಆ ತುದಿಯಲ್ಲಿ ಕೂತಿದ್ದವರು ಎದ್ದು ನಿಂತರು.

ಪುಟ ತಿರುಗಿಸಿದರೆ ಪರೀಕ್ಷೆಯ ವಿವರ. ಓಟವಲ್ಲ, ನೆಗೆತ.

"ಓಟ ಯಾಕಿಲ್ಲ ಸಾರ್?" ಎಂದು ಅವನು ಸೂಪರಿಂಟೆಂಡೆಂಟರ ಮೇಜಿನ ಮುಂದೆ ನಿಂತ ಜಾಗದಲ್ಲೇ ಜಾಗಿಂಗ್ ಮಾಡುತ್ತ ಕೇಳಿದ.

"ಓಟ ನೋಡೋಕೆ ಮೈದಾನ ಬೇಕು. ಇಲಾಖೆ ಹತ್ರ ಮೈದಾನ ಇಲ್ಲ. ನೆಗೆತ ನೋಡೋಕೆ ಗೋಡೆ ಸಾಕು. ಗೋಡೆ ನಮ್ಹತ್ರ ಎಷ್ಟು ಬೇಕಾದ್ರೂ ಇದೆ. ಅದೂ ಅಲ್ದೆ, ನೀವು ನಲವತ್ತೆರಡು ಕಿಲೋಮೀಟರ್ ಓಡಿ ಬರೋ ತನಕ ನಾವು ಕಾಯ್ತಾ ಕೂತ್ರೆ ನಮ್ಮ ಐದು ಗಂಟೆ ಕತೆ ಏನ್ರೀ? ಮೊದ್ಲು ನಿಂತ್ಕೊಳ್ಳಿ, ನನಗೆ ತಲೆ ತಿರುಗ್ತಿದೆ."

ಪರೀಕ್ಷೆ ಸರಳ. ಗೋಡೆಯ ಪಕ್ಕ ಪಾದ ಊರಿ ನಿಂತು, ಕೈ ಎತ್ತಿ, ಸುಣ್ಣ ಹಚ್ಚಿದ ಬೆರಳಿನಿಂದ ಒಂದು ಗುರುತು. ಆಮೇಲೆ ನಿಂತಲ್ಲಿಂದಲೇ ನೆಗೆದು ಇನ್ನೊಂದು ಗುರುತು. ಎರಡರ ನಡುವಿನ ಅಂತರವೇ ನೆಗೆತ. ಅದು ನಲವತ್ತು ಸೆಂಟಿಮೀಟರ್ ಇರಬೇಕು. ಈಗ ಒಮ್ಮೆ ಅಳೆದು ದಾಖಲೆಗೆ ಸೇರಿಸುವುದು, ಎರಡು ತಿಂಗಳ ನಂತರ ಆಯ್ಕೆ ಸಮಿತಿಯ ಮುಂದೆ ಅಂತಿಮ ಪರೀಕ್ಷೆ.

ಅಳತೆಯ ದಿನ ಹೊರಗಿನಿಂದ ಒಬ್ಬ ವ್ಯಾಯಾಮ ಶಿಕ್ಷಕರನ್ನು ಕರೆಸಿದ್ದರು. ಅವರು ಬೆಳಿಗ್ಗೆ ಇಬ್ಬರನ್ನು ಅಳೆದು, ಮೂವತ್ತೇಳು, ಮೂವತ್ತೈದು ಎಂದು ಬರೆದು, ಮಧ್ಯಾಹ್ನ ಇನ್ನೊಂದು ಕಚೇರಿಯ ಗೋಡೆ ನೋಡಲು ಹೊರಟುಹೋದರು. ಮೈಲಿಗಲ್ಲಿನ ಸರದಿ ಬಂದದ್ದು ಊಟದ ನಂತರ. ಆಗ ಟೇಪು ಹಿಡಿದು ನಿಂತಿದ್ದವರು ಟ್ಯಾಂಕ್ ಗುಮಾಸ್ತರು.

ಟ್ಯಾಂಕ್ ಗುಮಾಸ್ತರು ಇಪ್ಪತ್ತಾರು ವರ್ಷದಿಂದ ಮಾಡಿದ್ದು ಒಂದೇ ಕೆಲಸ. ಟ್ಯಾಂಕಿನ ತಳದಿಂದ ನೀರು ನಿಂತ ಗೆರೆಯ ತನಕ ಅಳೆದು ಪುಸ್ತಕದಲ್ಲಿ ಬರೆಯುವುದು. ನಡುವೆ ಎಷ್ಟೇ ಹಳೆಯ ಗೆರೆಗಳಿರಲಿ, ಅವರಿಗೆ ಲೆಕ್ಕವಿಲ್ಲ. ತಳ ಮತ್ತು ಮೇಲಿನ ಗೆರೆ, ಅಷ್ಟೇ ಪ್ರಪಂಚ.

ಮೈಲಿಗಲ್ಲು ನಿಂತು ಗುರುತು ಹಾಕಿದ. ಇನ್ನೂರ ಹನ್ನೆರಡು. ಆಮೇಲೆ ಮಂಡಿ ಬಗ್ಗಿಸಿ, ಹಲ್ಲು ಕಚ್ಚಿ, ಹನ್ನೊಂದು ವರ್ಷದ ಆಸೆಯನ್ನೆಲ್ಲ ಪಾದಕ್ಕೆ ಇಳಿಸಿ ನೆಗೆದ. ನೋಡಿದವರಿಗೆ ಅವನು ಏನನ್ನೋ ಇಣುಕಿ ನೋಡಲು ತುದಿಗಾಲಲ್ಲಿ ನಿಂತ ಹಾಗೆ ಕಂಡಿತು. ಗುಮಾಸ್ತರು ಬಗ್ಗಿ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ, ಮೇಲಿನ ಗುರುತಿನ ತನಕ ಎಳೆದು, "ಇನ್ನೂರ ಮೂವತ್ತೊಂದು," ಎಂದು ಬರೆದು, ಮೊಹರು ಕುಟ್ಟಿಯೇಬಿಟ್ಟರು.

ಮೀಟರ್ ಓದುವವನ ಬದುಕೇ ಕಳೆಯುವ ಲೆಕ್ಕ. ಈ ತಿಂಗಳಿನ ಅಂಕಿಯಲ್ಲಿ ಹೋದ ತಿಂಗಳಿನ ಅಂಕಿ ಕಳೆದರೆ ನೀರು. ಮೊಹರಿನ ಸದ್ದು ಅಡಗುವ ಮೊದಲೇ ಅವನ ತಲೆಯೊಳಗೆ ಉತ್ತರ ಬಂದಿತ್ತು: ಹತ್ತೊಂಬತ್ತು. ಹೇಳೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಸೂಪರಿಂಟೆಂಡೆಂಟರು ಪುಸ್ತಕ ನೋಡಿದರು.

"ಮೂವತ್ತೇಳು. ಮೂವತ್ತೈದು. ಇನ್ನೂರ ಮೂವತ್ತೊಂದು!" ಅವರ ಕನ್ನಡಕ ಮೂಗಿನ ತುದಿಗೆ ಬಂತು. "ಏನ್ರೀ ಇದು! ಮನುಷ್ಯರೇನ್ರೀ ನೀವು?"

"ಸಾರ್, ಅದು ನೆಲದಿಂದ..."

"ನೆಲದಿಂದಲೇ ಅಲ್ವೇನ್ರೀ ನೆಗೆಯೋದು? ಮತ್ತೆ ಚಾವಣಿಯಿಂದ ನೆಗೀತಾರಾ?" ಅವರು ಇವನ ಕೈ ಹಿಡಿದು ಕುಲುಕಿದರು. ಸೂಪರಿಂಟೆಂಡೆಂಟರು ಹಂಗಾಮಿ ನೌಕರನೊಬ್ಬನ ಕೈ ಮುಟ್ಟಿದ್ದು ಆ ಕಟ್ಟಡದ ಚರಿತ್ರೆಯಲ್ಲೇ ಮೊದಲು. "ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ?"

ನಿಜ ಹೇಳಲು ಅದೊಂದೇ ಕ್ಷಣ ಇತ್ತು. ಮೈಲಿಗಲ್ಲು ತಲೆ ತಗ್ಗಿಸಿ, "ಹೇಳ್ಕೊಂಡು ತಿರುಗೋ ಅಭ್ಯಾಸ ಇಲ್ಲ ಸಾರ್," ಎಂದ.

ಅವನು ಎಷ್ಟೇ ವೇಗವಾಗಿ ಮನೆಗೆ ಓಡಿದರೂ ಸುದ್ದಿ ಅವನಿಗಿಂತ ಮೊದಲು ಮುಟ್ಟಿತ್ತು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕುತ್ತಿಗೆಯಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಪಿನ್ನು. ಪಕ್ಕದಲ್ಲಿ ಅವಳ ಅಣ್ಣ, ಅಂದರೆ ಮೈಲಿಗಲ್ಲಿನ ಭಾವ. ಭಾವನದು ಡ್ರೈವಿಂಗ್ ಸ್ಕೂಲು. ಇಪ್ಪತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ಬ್ರೇಕು ಒತ್ತಿ ಒತ್ತಿ, ಯಾರ ಪಕ್ಕ ಕೂತರೂ ಬಲಗಾಲು ನೆಲಕ್ಕೆ ಒತ್ತುವ ಅಭ್ಯಾಸ ಅವರಿಗೆ.

"ನನ್ನ ಸ್ಕೂಲ್ ಕಾರು ಒಂದೂವರೆ ಮೀಟರ್ ಎತ್ತರ," ಎಂದರು ಭಾವ. "ಅಂದ್ರೆ ಇವರು ಕಾರು ದಾಟಿ, ಮೇಲಿನ ಬೋರ್ಡು ದಾಟಿ, ಒಳಗೆ ಕಲೀತಿರೋನ ಪ್ರಾಣ ಹಾರಿಸಿ ಆ ಕಡೆ ಇಳೀತಾರೆ! ಭೇಷ್ ಕಣ್ರೀ!"

"ರೀ, ನಿಜವಾಗ್ಲೂ?" ಎಂದಳು ಹೆಂಡತಿ ಪಿನ್ನುಗಳ ನಡುವಿನಿಂದ.

ಇವನು ಉತ್ತರಿಸುವ ಮೊದಲೇ ಕೆಳಗಿನ ಮನೆಯ ಓನರಮ್ಮ ಮೆಟ್ಟಿಲು ಹತ್ತಿ ಬಂದರು. ಅವರ ಕೈಯಲ್ಲಿ ಬಾಡಿಗೆ ಕರಾರು ಇತ್ತು.

"ನೋಡಪ್ಪಾ, ನಿನ್ನ ಪ್ರತಿಭೆ ಬಗ್ಗೆ ನನಗೆ ತುಂಬಾ ಸಂತೋಷ. ಆದ್ರೆ ನನ್ನ ಚಾವಣಿ ಎರಡು ಎಪ್ಪತ್ತೈದು. ನೀನು ಸುಮ್ನೆ ನಿಂತ್ರೇ ಒಂದು ಅರವತ್ತೈದು. ಅದಕ್ಕೆ ಎರಡು ಮೂವತ್ತೊಂದು ಕೂಡಿಸು."

"ನಾಲ್ಕರ ಹತ್ತಿರ ಬರುತ್ತೆ," ಎಂದರು ಭಾವ ಹೆಮ್ಮೆಯಿಂದ.

"ಬರುತ್ತಲ್ಲ? ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೀಬಾರದು ಅಂತ ಬರೆಸಿದ್ದೆ. ಚಾವಣಿಗೆ ತಲೆ ಹೊಡೀಬಾರದು ಅಂತ ಬರೆಸಿರ್ಲಿಲ್ಲ, ನನ್ನ ತಪ್ಪು. ಇಲ್ಲಿ ಸಹಿ ಹಾಕು. ಮನೆ ಒಳಗೆ ಏನೇ ಖುಷಿಯಾದ್ರೂ ನೆಗೆಯೋ ಹಾಗಿಲ್ಲ."

ಅವನು ಸಹಿ ಹಾಕಿದ. ಸಹಿ ಹಾಕುವುದೆಂದರೆ ಒಪ್ಪಿಕೊಂಡ ಹಾಗೆ. ಅಲ್ಲಿಂದ ಆ ಅಂಕಿ ಬೀದಿಯ ಆಸ್ತಿಯಾಯಿತು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ತಾರಸಿಯ ಮೇಲೆ ಗಾರೆ ಕೆಲಸ ಶುರುವಾಗಿತ್ತು. ಮೇಷ್ಟ್ರು ದಿನಾ ಅಲ್ಲಿ ಚಡ್ಡಿಯಲ್ಲಿ ವ್ಯಾಯಾಮ ಮಾಡುತ್ತಿದ್ದರು. ಸುತ್ತ ಎರಡು ಮೀಟರ್ ಎತ್ತರದ ಗೋಡೆ ಇತ್ತು.

"ಇದೇನ್ ಸಾರ್, ಇಷ್ಟೆತ್ತರ ಏರಿಸ್ತಿದೀರಾ?" ಎಂದ ಮೈಲಿಗಲ್ಲು.

"ನಿಮ್ಮ ಬಗ್ಗೆ ಏನೂ ಅನುಮಾನ ಇಲ್ಲ," ಎಂದರು ಮೇಷ್ಟ್ರು, ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಳ್ಳುತ್ತ. "ಆದ್ರೂ ನೀವು ಅಭ್ಯಾಸ ಮಾಡೋವಾಗ ಕಣ್ಣು ಮುಚ್ಕೊಂಡು ನೆಗೀತೀರೋ, ತೆರ್ಕೊಂಡು ನೆಗೀತೀರೋ ನನಗೇನ್ರೀ ಗೊತ್ತು? ಮೂವತ್ತೆಂಟು ವರ್ಷ ಮಕ್ಕಳಿಗೆ ಆಕೃತಿ ಕಲಿಸಿದೀನಿ. ನನ್ನ ಆಕೃತಿ ನಾನೇ ಪ್ರದರ್ಶನಕ್ಕಿಡೋಕಾಗಲ್ಲ."

ಎಲ್ಲರನ್ನೂ ನಂಬಿಸಬಹುದು, ದರ್ಜಿ ಹೆಂಡತಿಯನ್ನಲ್ಲ. ಆ ಭಾನುವಾರ ಅವಳು ಯಂತ್ರ ನಿಲ್ಲಿಸಿ, ಗಂಡನನ್ನು ಹಿತ್ತಲಿನ ಗೋಡೆಯ ಬಳಿಗೆ ಎಳೆದುಕೊಂಡು ಹೋದಳು. ನಿಲ್ಲಿಸಿ ಗುರುತು ಹಾಕಿಸಿದಳು, ನೆಗೆಸಿ ಗುರುತು ಹಾಕಿಸಿದಳು. ಕುತ್ತಿಗೆಯ ಟೇಪು ತೆಗೆದು ಎರಡರ ನಡುವೆ ಹಿಡಿದಳು.

"ಹತ್ತೊಂಬತ್ತು," ಎಂದಳು. "ಇದು ಒಂದು ಅರ್ಧತೋಳಿನ ಅಳತೆ ರೀ."

ಮೈಲಿಗಲ್ಲು ಟ್ಯಾಂಕ್ ಗುಮಾಸ್ತರ ಕತೆಯನ್ನು ಹೇಳಿದ. ಹೇಳುವಾಗ ಹಿತ್ತಲಿನಲ್ಲಿ ಮೂರು ಸುತ್ತು ಓಡಿದ. ನಿಂತು ನಿಜ ಹೇಳುವುದು ಅವನಿಂದಾಗಲಿಲ್ಲ.

ಅವಳು ಬೈಯಲಿಲ್ಲ. ಟೇಪನ್ನು ಬೆರಳಿಗೆ ಸುತ್ತುತ್ತ ಯೋಚಿಸಿದಳು. "ಡಿಸೆಂಬರ್ ಆದ್ಮೇಲೆ ನಿಮಗೆ ಕೆಲಸ ಇಲ್ಲ. ಈ ಹುದ್ದೆ ಬಿಟ್ರೆ ಬೇರೆ ಇಲ್ಲ. ನೀವು ಮನೇಲಿ ಕೂತ್ರೆ ನಿಮ್ಮ ಮೊಣಕಾಲಿಗೆ ನನ್ನ ಮಿಷನ್ನೇ ಬಿಚ್ಚಿಹೋಗುತ್ತೆ. ಅವರು ಕೇಳ್ತಿರೋದು ನಲವತ್ತು ತಾನೆ? ಇನ್ನೂರಲ್ಲವಲ್ಲ? ಸುಮ್ನೆ ಬಾಯಿ ಮುಚ್ಕೊಂಡು ನಲವತ್ತು ನೆಗೀರಿ. ಆಮೇಲೆ ಆ ಅಂಕಿ ಏನಾದ್ರೂ ಆಗ್ಲಿ."

ಯೋಜನೆ ಹೀಗೆ ಸಿದ್ಧವಾಯಿತು. ತರಬೇತಿಯ ಹೊಣೆಯನ್ನು ಭಾವ ಕೇಳದೆಯೇ ವಹಿಸಿಕೊಂಡರು. ಅವರಿಗೂ ನಿಜ ಹೇಳಬೇಕಾಯಿತು. ಹತ್ತೊಂಬತ್ತು ಎಂದು ಕೇಳಿ ಅವರ ಬಲಗಾಲು ತಾನಾಗಿ ನೆಲಕ್ಕೆ ಒತ್ತಿತು.

"ತೊಂದರೆ ಇಲ್ಲ," ಎಂದರು ಸುಧಾರಿಸಿಕೊಂಡು. "ಇಂಜಿನ್ ಚೆನ್ನಾಗಿದೆ, ಮೈಲೇಜ್ ಚೆನ್ನಾಗಿದೆ. ಪಿಕಪ್ ಇಲ್ಲ, ಅಷ್ಟೇ."

ದಿನಾ ಬೆಳಿಗ್ಗೆ ಹಿತ್ತಲಿನಲ್ಲಿ ಭಾವನ ಧ್ವನಿ ಕೇಳತೊಡಗಿತು. "ಕ್ಲಚ್ ಒತ್ತಿ... ಇನ್ನೂ ಬಗ್ಗಿ... ಈಗ ಬಿಡಿ! ಅಯ್ಯೋ, ಯಾಕ್ರೀ ಅಷ್ಟು ನಿಧಾನ ಬಿಡ್ತೀರಾ? ಗಾಡಿ ಆಫ್ ಆಯ್ತು ನೋಡಿ!" ಮೆಟ್ಟಿಲು ನೆಗೆದದ್ದಾಯಿತು, ಬಕೆಟ್ಟು ನೆಗೆದದ್ದಾಯಿತು. ಒಂದು ಸಲ ಬಕೆಟ್ಟಿನೊಳಗೇ ಇಳಿದದ್ದೂ ಆಯಿತು. ಐದು ವಾರ ಕಳೆದವು. ಹೆಂಡತಿಯ ಟೇಪು ಇಪ್ಪತ್ತಾರು ಎಂದಿತು, ಇಪ್ಪತ್ತೊಂಬತ್ತು ಎಂದಿತು, ಮೂವತ್ತೊಂದು ಎಂದಿತು. ಆಮೇಲೆ ಕಚೇರಿಯ ಕಡತದ ಹಾಗೆ ಅಲ್ಲೇ ಕೂತುಬಿಟ್ಟಿತು.

ಅಷ್ಟರಲ್ಲಿ ಓನರಮ್ಮನ ಬೆಕ್ಕು ಕೆಳಗಿನ ಮನೆಯ ಕಿಟಕಿಯ ಮೇಲಿನ ಸಜ್ಜಾ ಹತ್ತಿ ಕೂತಿತು.

"ಏಣಿ ತರಬೇಡಿ!" ಎಂದು ಓನರಮ್ಮ ಕೆಳಗೆ ನಿಂತು ಕೂಗಿದರು. "ನಮ್ಮನೇಲೇ ಇನ್ನೂರ ಮೂವತ್ತೊಂದು ಇರೋವಾಗ ಏಣಿ ಯಾಕೆ? ಅವನನ್ನ ಕರೀರಿ!"

ಮೈಲಿಗಲ್ಲು ಮೆಟ್ಟಿಲಿಳಿದು ಬಂದ. ಸಜ್ಜಾ ಎರಡೂವರೆ ಮೀಟರಿಗಿಂತ ಮೇಲಿತ್ತು. ಬೀದಿಯ ಅರ್ಧ ಜನ ಸೇರಿದ್ದರು. ಡ್ರಾಯಿಂಗ್ ಮೇಷ್ಟ್ರು ತಮ್ಮ ಹೊಸ ಗೋಡೆಯ ಹಿಂದೆ ಸ್ಟೂಲ್ ಹಾಕಿಕೊಂಡು ನೋಡುತ್ತಿದ್ದರು.

"ಅಮ್ಮಾ, ಈಗ ಆಗಲ್ಲ," ಎಂದ ಅವನು. "ಮೈ ತಣ್ಣಗಿದೆ. ತಣ್ಣಗಿರೋವಾಗ ನೆಗೆದ್ರೆ ನರ ಹಿಡ್ಕೊಳ್ಳುತ್ತೆ."

"ಹಾಗಾದ್ರೆ ಬಿಸಿ ಮಾಡ್ಕೊಂಡು ಬಾ. ಬೆಕ್ಕು ಎಲ್ಲಿಗೂ ಹೋಗಲ್ಲ."

ಎಷ್ಟು ದೂರ ಓಡಿದರೆ ಬೆಕ್ಕಿಗೆ ಬೇಜಾರಾಗಿ ಇಳಿಯಬಹುದು ಎಂದು ಅವನು ಲೆಕ್ಕ ಹಾಕಿ, ಹತ್ತು ಕಿಲೋಮೀಟರ್ ಓಡಿ ಬಂದ. ಬೆಕ್ಕು ಕಾಲು ನೆಕ್ಕಿಕೊಳ್ಳುತ್ತ ಅಲ್ಲೇ ಇತ್ತು. ಜನ ಇಮ್ಮಡಿಯಾಗಿದ್ದರು. ಇನ್ನು ಬೇರೆ ದಾರಿಯಿರಲಿಲ್ಲ. ಉಸಿರೆಳೆದು, ಮಂಡಿ ಬಗ್ಗಿಸಿ, ಭಾವ ಹೇಳಿದಂತೆ ಕ್ಲಚ್ಚನ್ನು ಪಟ್ಟನೆ ಬಿಟ್ಟ.

ಅವನ ಬೆರಳು ಸಜ್ಜಾದ ಅಂಚಿಗೆ ಫಟ್ಟನೆ ಬಡಿಯಿತು. ಮನುಷ್ಯನ ಕೈ ಅಲ್ಲಿಗೆ ಬಂದದ್ದನ್ನು ಕಂಡು ಗಾಬರಿಯಾದ ಬೆಕ್ಕು ತಾನಾಗಿ ನೆಗೆದು ಓನರಮ್ಮನ ಹೆಗಲ ಮೇಲೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಮೈಲಿಗಲ್ಲು ಮಾತ್ರ ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತ ನಿಂತಿದ್ದ. ಹೆಂಡತಿ ಆಗಲೇ ಕುತ್ತಿಗೆಯಿಂದ ಟೇಪು ತೆಗೆದಿದ್ದಳು.

"ಮೂವತ್ತೊಂಬತ್ತು!" ಎಂದಳು ಅವನ ಕಿವಿಯಲ್ಲಿ.

ಆ ಸಂಜೆಯೇ ಗಂಡ, ಹೆಂಡತಿ, ಭಾವ ಮೂವರೂ ಬೀದಿಯ ಕೊನೆಯಲ್ಲಿದ್ದ ಕಾಲಿನ ಡಾಕ್ಟರಮ್ಮನ ಬಳಿಗೆ ಹೋದರು. ಆಕೆ ಓಟಗಾರರ ಮಂಡಿ, ಹಿಮ್ಮಡಿ ರಿಪೇರಿ ಮಾಡುತ್ತಿದ್ದವರು. ಮೈಲಿಗಲ್ಲಿನ ಮೀನಖಂಡವನ್ನು ಹಿಸುಕಿ ನೋಡಿ ನಕ್ಕರು.

"ನಿಮ್ಮ ಕಾಲು ಸರ್ಕಾರಿ ಕಚೇರಿ ಇದ್ದ ಹಾಗೆ ಕಣ್ರೀ. ದಿನವಿಡೀ ತೆರೆದಿರುತ್ತೆ, ಆದ್ರೆ ತಕ್ಷಣ ಅಂತ ಏನೂ ಆಗಲ್ಲ. ದೂರ ಓಡೋವ್ರ ಸ್ನಾಯು ಹಾಗೇನೇ. ನಿಧಾನ, ನಿಯತ್ತು. ನೆಗೆಯೋಕೆ ಬೇಕಾಗಿರೋದು ಒಂದೇ ಏಟಿಗೆ ಸಿಡಿಯೋ ಶಕ್ತಿ. ಅದು ನಿಮ್ಮಲ್ಲಿ ಇಲ್ಲ ಅಂತಲ್ಲ, ನಿದ್ದೆ ಮಾಡ್ತಿದೆ."

"ಹಾಗಾದ್ರೆ ಇವತ್ತು ಮೂವತ್ತೊಂಬತ್ತು ಹೇಗೆ ಬಂತು?"

"ಓಡಿ ಬಂದಿದ್ರಲ್ಲ, ಎದ್ದಿತ್ತು. ಬೇರೆಯವರು ಹತ್ತು ಕಿಲೋಮೀಟರ್ ಓಡಿದ್ರೆ ನೆಗೆಯೋದಿರ್ಲಿ, ನಿಲ್ಲೋಕೂ ಆಗಲ್ಲ. ನಿಮ್ಮಂಥ ಪಳಗಿದ ಕಾಲಿಗೆ ಅಷ್ಟಕ್ಕೆ ದಣಿವಿಲ್ಲ; ಬದಲಿಗೆ ಸ್ನಾಯು ಚುರುಕಾಗುತ್ತೆ. ಕೆಲವು ಓಟಗಾರರು ಓಡಿದ ಮೇಲೇನೇ ಜಾಸ್ತಿ ನೆಗೀತಾರೆ. ಆದ್ರೆ ಒಂದು ಮಾತು. ಓಟ ನಿಲ್ಸಿ ಐದಾರು ನಿಮಿಷದೊಳಗೆ ನೆಗೆದುಬಿಡಿ. ಕುರ್ಚಿ ಕಂಡ ಕೂಡಲೇ ಕೂತ್ರೋ, ಮತ್ತೆ ಮಲಗಿಬಿಡುತ್ತೆ."

ಭಾವ ಮೇಜು ಕುಟ್ಟಿದರು. "ನಾನು ಹೇಳ್ಲಿಲ್ವಾ? ಇದು ಡೀಸೆಲ್ ಗಾಡಿ! ಬಿಸಿಯಾಗ್ಬೇಕು!"

ಅಂತಿಮ ಪರೀಕ್ಷೆಯ ದಿನ ಸಮಿತಿ ಸೇರುವುದು ಹತ್ತೂವರೆಗೆ. ಮೂವತ್ತೇಳು, ಮೂವತ್ತೈದರವರು ಇನ್ನೂರ ಮೂವತ್ತೊಂದನ್ನು ಕೇಳಿದ ದಿನವೇ ಹಿಂದೆ ಸರಿದಿದ್ದರು. ಮೈಲಿಗಲ್ಲು ಒಂಬತ್ತೂವರೆಗೆ ಕಚೇರಿಯ ಸುತ್ತ ಓಡಲು ಶುರುಮಾಡಿದ. ಏರ್ಪಾಡು ಪಕ್ಕಾ ಇತ್ತು. ಅವನ ಹೆಸರು ಕರೆಯುವ ಹೊತ್ತಿಗೆ ಮೊದಲ ಮಹಡಿಯ ಕಿಟಕಿಯಿಂದ ಭಾವ ಕೆಂಪು ಕರವಸ್ತ್ರ ಬೀಸುವುದು; ಇವನು ಮೆಟ್ಟಿಲು ಹತ್ತಿ ಬಂದು, ಎಲ್ಲೂ ನಿಲ್ಲದೆ, ನೇರ ಗೋಡೆಗೆ. ಹೆಂಡತಿ ಗೋಡೆಯ ಬಳಿ ಕಾದಿರುವುದು.

ಹತ್ತೂವರೆ ಆಯಿತು. ಕರವಸ್ತ್ರವಿಲ್ಲ.

"ಅಧ್ಯಕ್ಷರು ಬಂದಿಲ್ಲ!" ಎಂದು ಭಾವ ಕಿಟಕಿಯಿಂದ ಕೂಗಿದರು. "ಫಸ್ಟ್ ಗೇರಲ್ಲೇ ಇರಿ!"

ಹನ್ನೊಂದಕ್ಕೆ ಅಧ್ಯಕ್ಷರು ಬಂದರು. ಹನ್ನೊಂದೂಕಾಲಿಗೆ ಅವರಿಗೆ ಕಾಫಿ ಬಂತು. ನೀರಿನ ಬಿಲ್ಲಿನ ಸಾಲಿನಲ್ಲಿ ನಿಂತಿದ್ದವರು ಪ್ರತಿ ಸುತ್ತಿಗೂ ಇವನನ್ನು ಎಣಿಸತೊಡಗಿದರು. ಹದಿನೇಳನೇ ಸುತ್ತಿನಲ್ಲಿ ಸಾಲಿನ ಹೆಂಗಸೊಬ್ಬರು, "ಪಾಪ, ಯಾವ ಕೌಂಟರಿಗೆ ಹೋಗ್ಬೇಕು ಅಂತ ಇವರಿಗೂ ಯಾರೂ ಹೇಳ್ತಿಲ್ಲ ಅನ್ಸುತ್ತೆ," ಎಂದರು. ಇಪ್ಪತ್ತೆರಡನೇ ಸುತ್ತಿನಲ್ಲಿ ಕಾವಲುಗಾರ ಅಡ್ಡ ಬಂದ.

"ಏಯ್ ಮೈಲಿಗಲ್ಲು, ಯಾರಿಂದ ತಪ್ಪಿಸ್ಕೊಂಡು ಓಡ್ತಿದೀಯ?"

"ಯಾರಿಂದನೂ ಇಲ್ಲಣ್ಣ. ಆರಿ ಹೋಗ್ಬಾರ್ದು ಅಂತ."

"ಏನು ಆರಿ ಹೋಗ್ಬಾರ್ದು?"

"ಕಾಲು!" ಎಂದು ಕೂಗಿ ಅವನು ಮೂಲೆ ತಿರುಗಿದ. ಕಾವಲುಗಾರ ತನ್ನ ಕಾಲನ್ನು ಮುಟ್ಟಿ ನೋಡಿಕೊಂಡ.

ಮೇಲೆ ಇನ್ನೊಂದು ವಿಘ್ನ. ಸೀಮೆಸುಣ್ಣ ಇರಲಿಲ್ಲ. ಉಗ್ರಾಣದಿಂದ ತರಿಸಲು ಕೋರಿಕೆ ಪತ್ರ ಬೇಕು, ಪತ್ರಕ್ಕೆ ಮೂವರ ಸಹಿ ಬೇಕು, ಮೂರನೆಯವರು ರಜೆ. ಸಮಿತಿ ಪರೀಕ್ಷೆಯನ್ನು ಮುಂದೂಡುವ ಮಾತಾಡುತ್ತಿದ್ದಾಗ ಹೆಂಡತಿ ತನ್ನ ಚೀಲದಿಂದ ಬಟ್ಟೆಗೆ ಗೆರೆ ಎಳೆಯುವ ನೀಲಿ ಸುಣ್ಣದ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟಳು.

"ಇದು ಇಲಾಖೆ ಸುಣ್ಣ ಅಲ್ವಲ್ಲಮ್ಮ," ಎಂದರು ಸೂಪರಿಂಟೆಂಡೆಂಟರು.

"ಗೋಡೆಗೆ ಗೊತ್ತಾಗಲ್ಲ ಬಿಡಿ ಸಾರ್," ಎಂದಳು ಅವಳು.

ಅಧ್ಯಕ್ಷರು ಗಡಿಯಾರ ನೋಡಿ ತಲೆಯಾಡಿಸಿದರು. ಹನ್ನೆರಡೂ ಹತ್ತಕ್ಕೆ ಕೆಂಪು ಕರವಸ್ತ್ರ ಹಾರಾಡಿತು. ಇಪ್ಪತ್ತೇಳು ಕಿಲೋಮೀಟರ್ ಓಡಿದ್ದ ಮೈಲಿಗಲ್ಲು ಮೆಟ್ಟಿಲು ಹತ್ತಿ ಬಂದ. ಒದ್ದೆ ಬನಿಯನ್ನು, ಕೆಂಪು ಮುಖ. ನಿಂತಲ್ಲೂ ಕಾಲು ಕುಣಿಯುತ್ತಲೇ ಇತ್ತು.

ಈ ಸಲ ಟೇಪು ಹಿಡಿದದ್ದು ವ್ಯಾಯಾಮ ಶಿಕ್ಷಕರು. ನಿಂತ ಗುರುತು: ಇನ್ನೂರ ಹನ್ನೆರಡು. ಭಾವ ಕಣ್ಣು ಮುಚ್ಚಿ ಕಾಲಿನಿಂದ ಇಲ್ಲದ ಕ್ಲಚ್ಚನ್ನು ಒತ್ತಿದ್ದರು. ಹೆಂಡತಿ ಟೇಪಿನ ಎರಡೂ ತುದಿಗಳನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಮೈಲಿಗಲ್ಲು ಬಗ್ಗಿದ. ನೆಗೆದ. ನೀಲಿ ಬೆರಳುಗಳು ಗೋಡೆಗೆ ಬಡಿದವು.

ಶಿಕ್ಷಕರು 'ಗುರುತಿನಿಂದ ಗುರುತಿಗೆ' ಟೇಪು ಎಳೆದರು. ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು.

"ನಲವತ್ತೊಂದು!"

ಕಾರಿಡಾರು ಸಿಡಿಯಿತು. ಭಾವ ಕ್ಲಚ್ ಬಿಟ್ಟು ಅಧ್ಯಕ್ಷರನ್ನೇ ಅಪ್ಪಿಕೊಂಡರು. ಹೆಂಡತಿ ಟೇಪಿನಲ್ಲಿ ಕಣ್ಣು ಒರೆಸಿಕೊಂಡಳು. ಬಿಲ್ಲಿನ ಸಾಲಿನವರು ಕೆಳಗಿನಿಂದ ಕಾರಣ ಗೊತ್ತಿಲ್ಲದೆಯೇ ಚಪ್ಪಾಳೆ ತಟ್ಟಿದರು. ನಲವತ್ತು ಬೇಕಿತ್ತು, ನಲವತ್ತೊಂದು ಬಂದಿತ್ತು. ಸುಳ್ಳಿಲ್ಲದ, ಬೆವರಿನ, ಅಪ್ಪಟ ನಲವತ್ತೊಂದು. ಮೈಲಿಗಲ್ಲಿನ ಕಾಲು ಜೀವಮಾನದಲ್ಲಿ ಮೊದಲ ಸಲ ಕುಣಿಯುವುದನ್ನು ನಿಲ್ಲಿಸಿತು.

"ಅಭಿನಂದನೆಗಳು," ಎಂದು ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕಲು ಪೆನ್ನು ತೆರೆದರು. ಸೂಪರಿಂಟೆಂಡೆಂಟರು ಕೆಮ್ಮಿದರು.

"ಸಾರ್, ಒಂದು ಸಣ್ಣ ಅಂಶ. ನಿಯಮ ಹದಿನಾಲ್ಕು. ಅಭ್ಯರ್ಥಿಯ ಸಾಧನೆ ಹಿಂದೆ ದಾಖಲಾದ ಸಾಧನೆಗಿಂತ ಶೇಕಡಾ ಹತ್ತಕ್ಕಿಂತ ಹೆಚ್ಚು ಕುಸಿದಿರಬಾರದು. ಇವರದು ಹಿಂದೆ ಇನ್ನೂರ ಮೂವತ್ತೊಂದು. ಈಗ ನಲವತ್ತೊಂದು." ಅವರು ಕಾಗದದ ಮೇಲೆ ಲೆಕ್ಕ ಮಾಡಿದರು. "ಶೇಕಡಾ ಎಂಬತ್ತೆರಡು ಕುಸಿತ. ಎರಡೇ ತಿಂಗಳಲ್ಲಿ. ಏನ್ರೀ ಮಾಡ್ಕೊಂಡ್ರಿ ಆರೋಗ್ಯಾನ?"

"ಸಾರ್, ಆ ಅಂಕಿ ತಪ್ಪು!" ಎಂದ ಮೈಲಿಗಲ್ಲು. ಕೊನೆಗೂ ಹೇಳಿದ. "ಅದು ನೆಲದಿಂದ ಅಳೆದಿದ್ದು. ನಾನು ಅವತ್ತು ನೆಗೆದಿದ್ದು ಹತ್ತೊಂಬತ್ತು!"

ಟ್ಯಾಂಕ್ ಗುಮಾಸ್ತರು ಎದ್ದು ನಿಂತರು. "ನನ್ನ ಅಳತೆ ತಪ್ಪಾ? ಇಪ್ಪತ್ತಾರು ವರ್ಷದ ಸರ್ವಿಸಲ್ಲಿ ಒಂದು ಟ್ಯಾಂಕೂ ದೂರು ಕೊಟ್ಟಿಲ್ಲ!"

"ತಿದ್ದಬಹುದಲ್ಲ?" ಎಂದರು ಅಧ್ಯಕ್ಷರು.

"ಖಂಡಿತ ಸಾರ್. ದಾಖಲೆ ತಿದ್ದುಪಡಿಗೆ ನಮೂನೆ ಒಂಬತ್ತರಲ್ಲಿ ಅರ್ಜಿ ಕೊಡ್ಬೇಕು. ಕಾಯಂ ನೌಕರರು ಮಾತ್ರ ಕೊಡಬಹುದು."

"ಹಾಗಾದ್ರೆ ಮೊದ್ಲು ಕಾಯಂ ಮಾಡಿ, ಆಮೇಲೆ ಅವರೇ ಅರ್ಜಿ ಕೊಡ್ತಾರೆ!" ಎಂದು ಭಾವ ಕೂಗಿದರು.

"ಕಾಯಂ ಮಾಡ್ಬೇಕಂದ್ರೆ ದಾಖಲೆ ಸರಿ ಇರ್ಬೇಕಲ್ರೀ," ಎಂದರು ಸೂಪರಿಂಟೆಂಡೆಂಟರು ನೋವಿನಿಂದ. ಆಮೇಲೆ ಇವನ ಮುಖ ನೋಡಿ ಅವರ ಮನಸ್ಸು ಕರಗಿತು. "ನೋಡಿ, ನಾವೇನು ಕಟುಕರಲ್ಲ. ಶೇಕಡಾ ಹತ್ತು ರಿಯಾಯಿತಿ ನಿಯಮದಲ್ಲೇ ಇದೆ. ಇನ್ನೂರ ಮೂವತ್ತೊಂದು ಬೇಡ. ಇನ್ನೂರ ಎಂಟು ನೆಗೀರಿ, ಸಾಕು. ಇನ್ನೊಂದು ಅವಕಾಶ ಕೊಡ್ತೀನಿ. ಹೇಗೂ ಮೈ ಬಿಸಿ ಇದೆಯಲ್ಲ?"

ಮೈಲಿಗಲ್ಲಿನ ಮೊಣಕಾಲು ಮತ್ತೆ ನಿಧಾನಕ್ಕೆ ಕುಣಿಯತೊಡಗಿತು. ಹೆಂಡತಿ ಗೋಡೆಯ ಮೇಲೆ ಕಣ್ಣು ಹಾಯಿಸಿದಳು. ಇವನ ಕೈ ನಿಂತಲ್ಲಿಂದ ಮುಟ್ಟುವುದು ಇನ್ನೂರ ಹನ್ನೆರಡು. ಅದರ ಮೇಲೆ ಇನ್ನೂರ ಎಂಟು. ದರ್ಜಿಗೆ ಲೆಕ್ಕಕ್ಕೆ ಹೊತ್ತು ಬೇಕಾಗಲಿಲ್ಲ.

"ನಾಲ್ಕು ಮೀಟರ್ ಇಪ್ಪತ್ತು," ಎಂದಳು. "ಸಾರ್, ಈ ಚಾವಣಿ ಎಷ್ಟಿದೆ?"

"ಮೂರು ಮೂವತ್ತು," ಎಂದರು ಟ್ಯಾಂಕ್ ಗುಮಾಸ್ತರು ಥಟ್ಟನೆ. ತಳದಿಂದ ಅಳೆಯುವ ಯಾವುದೂ ಅವರಿಗೆ ಬಾಯಿಪಾಠ.

"ಅಂದ್ರೆ ಇವರ ಕೈ ಚಾವಣಿ ಒಡ್ಕೊಂಡು ಮೇಲೆ ಹೋಗ್ಬೇಕು. ಮೇಲೆ ಏನಿದೆ?"

"ಪಿಂಚಣಿ ವಿಭಾಗ," ಎಂದರು ಸೂಪರಿಂಟೆಂಡೆಂಟರು. ಅವರೂ ಚಾವಣಿಯನ್ನು ದಿಟ್ಟಿಸಿ, ಮನಸ್ಸಿನಲ್ಲೇ ಅಳೆದರು. "ಹೌದು, ಸರಿಯಾಗಿ ಅವರ ಮೇಜಿನ ಎತ್ತರಕ್ಕೆ ಬರುತ್ತೆ ಕೈ." ಹೀಗೆ ಹೇಳಿ, ನಿಯಮದ ಪುಸ್ತಕದ ಇನ್ನೊಂದು ಪುಟ ತಿರುಗಿಸಿ, ಬೆರಳಿಟ್ಟು ಓದಿದರು.

"ತೊಂದರೆ ಏನಿಲ್ಲ. ನೆಗೆಯೋಕೆ ಮುಂಚೆ ಅವರಿಂದ ಆಕ್ಷೇಪಣೆ ಇಲ್ಲ ಅಂತ ಒಂದು ಪತ್ರ ತಂದುಬಿಡಿ."